ಸುಮ್ಮನೆ ಕೂತವರು

ಮೊನ್ನೆ ಕಾರವಾರದಿಂದ ಅಂಕೋಲೆಗೆ ಬಸ್ಸಲ್ಲಿ ಬರ್ತಾ ಇದ್ದೆ. ಅವರ್ಸಾ ಹತ್ತಿರ ಹೆದ್ದಾರಿಯಲ್ಲಿ ಒಂದು ಮಂಗ ಸತ್ತು ಬಿದ್ದಿತ್ತು. ಸುತ್ತ ಏಳೆಂಟು ಮಂಗಗಳು ಸುಮ್ಮನೆ ಕೂತಿದ್ದವು. ಹಾರನ್ ಹೊಡೆದರೂ ಕದಲಲಿಲ್ಲ. ಕಂಡಕ್ಟರ್ ಇಳಿದು ಓಡಿಸಿದ. "ಛೇ, ಲೇಟಾಯ್ತು" ಅಂತ ಗೊಣಗಿದವರಲ್ಲಿ ನಾನೂ ಒಬ್ಬ.

ರಾತ್ರಿ ಯಾಕೋ ಹಿಂದೆ ನೋಡಿದ್ದ ಫೋಟೋ ಒಂದು ನೆನಪಾಯಿತು. ಕ್ಯಾಮರೂನಿನ ಚಿಂಪಾಂಜಿ ಡೊರೊತಿಯದು. ಮನರಂಜನಾ ಪಾರ್ಕೊಂದರಲ್ಲಿ 25 ವರ್ಷ ಕುತ್ತಿಗೆಗೆ ಸರಪಳಿ. ಜನ ಬಿಯರ್ ಕುಡಿಸಿ, ಸಿಗರೇಟು ಸೇದಿಸಿ ನಗುತ್ತಿದ್ದರಂತೆ. 2000ದಲ್ಲಿ ಬಿಡಿಸಿ ಸನಾಗ-ಯಾಂಗ್ ರಕ್ಷಣಾ ಕೇಂದ್ರಕ್ಕೆ ತಂದರು. ಅಲ್ಲಿ ಬುಬುಲ್ ಎಂಬ ತಬ್ಬಲಿ ಮರಿಗೆ ಅವಳು ಅಮ್ಮನಾದಳು. 2008ರಲ್ಲಿ ಸತ್ತಾಗ, ಹೂಳಲು ಕೈಗಾಡಿಯಲ್ಲಿ ತಂದ ಅವಳನ್ನು ಬೇಲಿಯಾಚೆಯಿಂದ ಉಳಿದ ಚಿಂಪಾಂಜಿಗಳು ಒಂದರ ಹೆಗಲಿಗೊಂದು ಕೈಯಿಟ್ಟು ನೋಡಿದವು. ಸದಾ ಗದ್ದಲ ಮಾಡುವವು, ಅವತ್ತು ಮೌನ. 2009ರಲ್ಲಿ ಆ ಫೋಟೋ ನ್ಯಾಷನಲ್ ಜಿಯಾಗ್ರಫಿಕ್‌ನಲ್ಲಿ ಬಂತು.

ಹೋದ ವರ್ಷ ನನ್ನ ಹೈಸ್ಕೂಲು ಗೆಳೆಯ ತೀರಿಕೊಂಡಾಗ ರಜೆ ಇಲ್ಲ ಅಂತ ನಾನು ಊರಿಗೆ ಬಂದಿರಲಿಲ್ಲ. ಫೋನಲ್ಲೇ ನಾಲ್ಕು ಮಾತಾಡಿ ಮುಗಿಸಿದ್ದೆ. ನಾಳೆ ಅವನ ಮನೆಗೆ ಹೋಗಬೇಕು. ಅವನ ಆಯಿಗೆ ಏನು ಹೇಳಲಿ, ಗೊತ್ತಿಲ್ಲ. ಹತ್ತಿರ ಸುಮ್ಮನೆ ಕೂತರೂ ಸಾಕೇನೋ...