ಮಗುವಿಗೆ ಮೊದಲು ದಿಕ್ಕು ತಿಳಿಯಲಿ

ಮೂರನೇ ತರಗತಿಯಲ್ಲಿ ಓದುವ ನಿಮ್ಮ ಮಗುವನ್ನು ಹತ್ತಿರ ಕರೆದು, ಫ್ರಾನ್ಸ್ ದೇಶದ ರಾಜಧಾನಿ ಯಾವುದೆಂದು ಕೇಳಿ. ಬಹುಶಃ ತಟ್ಟನೆ ಉತ್ತರ ಬರುತ್ತದೆ. ಈಗ ಇನ್ನೊಂದು ಪ್ರಶ್ನೆ ಕೇಳಿ: "ನಮ್ಮ ಮನೆಯಿಂದ ನಿನ್ನ ಶಾಲೆ ಯಾವ ದಿಕ್ಕಿನಲ್ಲಿದೆ?" ಹೆಚ್ಚಿನ ಮಕ್ಕಳು ಇಲ್ಲಿ ತಡವರಿಸುತ್ತಾರೆ. ಬೆಳಿಗ್ಗೆ ವ್ಯಾನ್ ಬಾಗಿಲಿಗೆ ಬರುತ್ತದೆ, ಸಂಜೆ ಬಾಗಿಲಿಗೇ ತಂದು ಬಿಡುತ್ತದೆ. ನಡುವಿನ ದಾರಿಯನ್ನು ಮಗು ನೋಡಿದರೂ ಗಮನಿಸಿರುವುದಿಲ್ಲ.

ಜರಗನಹಳ್ಳಿಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುವ ನಾನು ಇದನ್ನು ದಿನವೂ ಕಾಣುತ್ತೇನೆ. ಹೆಣ್ಣುಮಕ್ಕಳಲ್ಲಿ ಇದು ಇನ್ನೂ ಹೆಚ್ಚು. ಹಾಲು, ಮೊಟ್ಟೆ ತರಲು ನಾವು ಮಗನನ್ನು ಅಂಗಡಿಗೆ ಕಳುಹಿಸುತ್ತೇವೆ, ಮಗಳನ್ನು ಮನೆಯಲ್ಲೇ ಇರಿಸುತ್ತೇವೆ. ಎಂಟು ವರ್ಷದ ಹುಡುಗ ಬೀದಿಯ ತಿರುವುಗಳನ್ನೆಲ್ಲ ಬಲ್ಲ. ಅವನಿಗಿಂತ ಎರಡು ವರ್ಷ ದೊಡ್ಡವಳಾದ ಅಕ್ಕನಿಗೆ ಮುಖ್ಯರಸ್ತೆಗೆ ಹೋಗುವ ದಾರಿಯೇ ಗೊತ್ತಿರುವುದಿಲ್ಲ. ಈದ್‌ನ ಮುನ್ನಾದಿನ ಶಿವಾಜಿನಗರದ ಜನಜಂಗುಳಿಯಲ್ಲಿ ಅಮ್ಮಿಯ ಕೈ ತಪ್ಪಿದರೆ, ತನ್ನ ಮನೆ ಎಲ್ಲಿದೆಯೆಂದು ಆಕೆ ಯಾರಿಗೆ, ಹೇಗೆ ಹೇಳಿಯಾಳು? ಮುಂದೆ ಕಾಲೇಜಿಗೋ ಆಸ್ಪತ್ರೆಗೋ ಒಬ್ಬಳೇ ಹೋಗಬೇಕಾಗಿ ಬಂದಾಗ ಧೈರ್ಯ ಎಲ್ಲಿಂದ ಬರಬೇಕು?

ಕಿರಿಯ ತರಗತಿಗಳಲ್ಲಿ ಭೂಗೋಳವೆಂಬ ಪ್ರತ್ಯೇಕ ವಿಷಯವಿಲ್ಲ. ಐದನೇ ತರಗತಿಯವರೆಗೆ ಅದು ಪರಿಸರ ಅಧ್ಯಯನದ ಒಳಗೇ ಬರುತ್ತದೆ. ಮನೆ, ನೆರೆಹೊರೆ, ಊರು ಎಂದು ಹತ್ತಿರದಿಂದ ದೂರಕ್ಕೆ ಹೋಗಬೇಕೆಂಬುದು ಅದರ ಉದ್ದೇಶ. ಆದರೆ ಮನೆ ಮತ್ತು ನೆರೆಹೊರೆಯನ್ನು ಪುಸ್ತಕದಿಂದ ಕಲಿಸಲು ಸಾಧ್ಯವಿಲ್ಲ. ಆ ಪಾಠವನ್ನು ತಾಯಿಯೇ ಚೆನ್ನಾಗಿ ಹೇಳಬಲ್ಲಳು. ಅದಕ್ಕೆ ದೊಡ್ಡ ಓದೂ ಬೇಕಾಗಿಲ್ಲ.

ನಮ್ಮ ಮಕ್ಕಳಿಗೆ ಇದರಲ್ಲಿ ಒಂದು ಅನುಕೂಲವಿದೆ. ನಮಾಝ್‌ಗೆ ನಿಲ್ಲುವಾಗಲೆಲ್ಲ ಅವರು ಒಂದು ದಿಕ್ಕಿಗೆ ಮುಖ ಮಾಡುತ್ತಾರೆ. 'ಮಗ್ರಿಬ್' ಎಂಬುದು ಸಂಜೆಯ ನಮಾಝ್‌ನ ಹೆಸರೂ ಹೌದು, ಪಶ್ಚಿಮ ದಿಕ್ಕಿನ ಹೆಸರೂ ಹೌದು. ಸೂರ್ಯ ಮೂಡುವ ಕಡೆಯನ್ನು ಮೂಡಣವೆಂದೂ ಮುಳುಗುವ ಕಡೆಯನ್ನು ಪಡುವಣವೆಂದೂ ಕನ್ನಡ ಕರೆಯುತ್ತದೆ. ಎರಡು ಭಾಷೆಗಳೂ ಒಂದೇ ಪಾಠ ಹೇಳಿಕೊಡುತ್ತವೆ. ಬೆಂಗಳೂರಿನಿಂದ ಕಿಬ್ಲಾ ನೇರ ಪಶ್ಚಿಮದಲ್ಲಿಲ್ಲ, ಸುಮಾರು 18 ಡಿಗ್ರಿಯಷ್ಟು ಉತ್ತರಕ್ಕೆ ವಾಲಿದೆ. ಮುಸಲ್ಲಾ ಏಕೆ ಸ್ವಲ್ಪ ಓರೆಯಾಗಿ ಹಾಸುತ್ತೇವೆಂದು ಮಗು ಕೇಳಿದರೆ, ಭೂಗೋಳದ ಪಾಠ ಅಲ್ಲಿಗೇ ಆರಂಭವಾಯಿತೆಂದು ತಿಳಿಯಿರಿ. 11ನೇ ಶತಮಾನದಲ್ಲಿ ಅಲ್‌ಬೀರೂನಿ ಪಟ್ಟಣಗಳ ಸ್ಥಾನವನ್ನೂ ಕಿಬ್ಲಾದ ದಿಕ್ಕನ್ನೂ ಲೆಕ್ಕ ಹಾಕುವ ಬಗ್ಗೆ ಒಂದು ಗ್ರಂಥವನ್ನೇ ಬರೆದಿದ್ದರು.

ಇದನ್ನು ತಾರಸಿಯ ಮೇಲೆ ನೀವೇ ತೋರಿಸಬಹುದು. ಪ್ರತಿ ವರ್ಷ ಮೇ 27 ಅಥವಾ 28ರಂದು ಸೂರ್ಯ ಕಅಬಾದ ನೆತ್ತಿಯ ಮೇಲೆ ಬರುತ್ತಾನೆ. ಆಗ ನಮ್ಮಲ್ಲಿ ಮಧ್ಯಾಹ್ನ ಸುಮಾರು 2.48. ಆ ಹೊತ್ತಿಗೆ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ. ಅದರ ನೆರಳು ಬಿದ್ದ ಕಡೆಗೆ ಬೆನ್ನು ಮಾಡಿ ನಿಂತರೆ ಮುಖ ಕಿಬ್ಲಾದ ಕಡೆಗಿರುತ್ತದೆ. ಸೂರ್ಯನನ್ನು ನೇರವಾಗಿ ನೋಡಬಾರದೆಂದು ಮಗುವಿಗೆ ಮೊದಲೇ ಹೇಳಿ. ಹಾಗೆಯೇ ಏಪ್ರಿಲ್ 24 ಅಥವಾ 25ರಂದು ಮಧ್ಯಾಹ್ನ 12.17ರ ಸುಮಾರಿಗೆ ಬೆಂಗಳೂರಿನಲ್ಲಿ ಅದೇ ಕೋಲಿನ ನೆರಳು ಮಾಯವಾಗುತ್ತದೆ, ಏಕೆಂದರೆ ಸೂರ್ಯ ಆಗ ನಮ್ಮ ನೆತ್ತಿಯ ಮೇಲಿರುತ್ತಾನೆ. ಆ ಬಳಿಕ ಸೂರ್ಯ ವಾಲಿದೊಡನೆ ಝುಹರ್‌ನ ಸಮಯ ಬರುತ್ತದೆ, ನೆರಳು ಉದ್ದವಾದಾಗ ಅಸರ್ ಬರುತ್ತದೆ.

ಇನ್ನು ನಕ್ಷೆ. ಒಂದು ಸೀಮೆಸುಣ್ಣ ಕೊಟ್ಟು ನೆಲದ ಮೇಲೆ ನಿಮ್ಮ ಬಡಾವಣೆಯನ್ನು ಬರೆಯಿಸಿ. ನಮ್ಮ ಜರಗನಹಳ್ಳಿಯ ಮಕ್ಕಳಿಗೆ ಇದು ಸುಲಭ. ಕನಕಪುರ ರಸ್ತೆ ಉತ್ತರ ದಕ್ಷಿಣವಾಗಿ ಹಾದುಹೋಗುತ್ತದೆ. ಉತ್ತರಕ್ಕೆ ಬನಶಂಕರಿ, ದಕ್ಷಿಣಕ್ಕೆ ಕೋಣನಕುಂಟೆ, ಪೂರ್ವಕ್ಕೆ ಸಾರಕ್ಕಿ ಕೆರೆ. 2017ರ ಜೂನ್‌ನಿಂದ ರಸ್ತೆಯ ಮೇಲೆಯೇ ಮೆಟ್ರೊ ಓಡುತ್ತಿದೆ. ಕೆರೆ, ರಸ್ತೆ, ಮಸೀದಿ, ಅಂಗಡಿ, ಇಷ್ಟು ಬಂದರೆ ಸಾಕು. ತನ್ನ ಮನೆಯನ್ನು ಮಗು ಅರಮನೆಯಷ್ಟು ದೊಡ್ಡದಾಗಿ ಬರೆದರೆ ಗದರಬೇಡಿ. ದಕ್ಷಿಣವನ್ನು ಮೇಲೆ ಬರೆದರೂ ಅಳಿಸಬೇಡಿ. 1154ರಲ್ಲಿ ಅಲ್ ಇದ್ರೀಸಿ ಸಿಸಿಲಿಯ ದೊರೆಗಾಗಿ ರಚಿಸಿದ ಪ್ರಸಿದ್ಧ ಜಗತ್ತಿನ ನಕ್ಷೆಯಲ್ಲೂ ದಕ್ಷಿಣವೇ ಮೇಲಿತ್ತು.

ಅಡುಗೆಮನೆಯ ನಲ್ಲಿಯಲ್ಲೂ ಭೂಗೋಳವಿದೆ. ಈ ಕಾವೇರಿ ನೀರು ಮಳವಳ್ಳಿ ತಾಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ ಕೊಳವೆಯಲ್ಲಿ ಬರುತ್ತದೆ. ದಾರಿಯಲ್ಲಿ ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಪಂಪು ಮಾಡಿ, ಒಟ್ಟು 500 ಮೀಟರಿನಷ್ಟು ಮೇಲಕ್ಕೆ ಎತ್ತಬೇಕು. ಆ ಊರುಗಳಿರುವುದು ನಮ್ಮ ಇದೇ ಕನಕಪುರ ರಸ್ತೆಯ ಬದಿಯಲ್ಲಿ! 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ನಗರವೇ ಟ್ಯಾಂಕರಿಗಾಗಿ ಕಾದದ್ದನ್ನು ನೀವು ಮರೆತಿರಲಾರಿರಿ. ಪ್ರವಾದಿಯವರು(ಸ) ಬೊಗಸೆ ತುಂಬುವಷ್ಟು ನೀರಿನಲ್ಲಿ ವುಝೂ ಮುಗಿಸುತ್ತಿದ್ದರೆಂದು ಹದೀಸ್‌ಗಳಲ್ಲಿ ಬಂದಿದೆ. ನೀರಿನ ದಾರಿ ತಿಳಿದ ಮಗುವಿಗೆ ಆ ಮಾತಿನ ಬೆಲೆ ಬೇಗ ಅರ್ಥವಾಗುತ್ತದೆ. ನಲ್ಲಿ ನಿಲ್ಲಿಸು ಎಂದು ನೂರು ಸಲ ಹೇಳುವ ಕಷ್ಟ ನಿಮಗೂ ತಪ್ಪುತ್ತದೆ.

ತಂದೆ ಜಿದ್ದಾದಲ್ಲೋ ಮಕ್ಕಾದಲ್ಲೋ ದುಡಿಯುತ್ತಿರುವ ಮನೆಗಳು ನಮ್ಮಲ್ಲಿ ಅನೇಕ. ರಮಝಾನ್‌ನಲ್ಲಿ ನಾವು ಇಫ್ತಾರ್ ಮುಗಿಸಿ ಫೋನ್ ಮಾಡಿದರೆ ಅಬ್ಬಾ ಇನ್ನೂ ಉಪವಾಸದಲ್ಲಿರುತ್ತಾರೆ. "ಅಬ್ಬಾಗೆ ಯಾಕೆ ತಡ?" ಎಂದು ಮಗು ಕೇಳದೆ ಬಿಡುವುದಿಲ್ಲ. ಒಂದು ಚೆಂಡು, ಒಂದು ಟಾರ್ಚ್ ತೆಗೆದುಕೊಳ್ಳಿ. ಚೆಂಡನ್ನು ಪಶ್ಚಿಮದಿಂದ ಪೂರ್ವಕ್ಕೆ ತಿರುಗಿಸಿ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ಮಕ್ಕಾ ನಮಗಿಂತ ಸುಮಾರು 38 ಡಿಗ್ರಿ ಪಶ್ಚಿಮಕ್ಕಿದೆ, ಆದ್ದರಿಂದ ಎರಡೂವರೆ ಗಂಟೆಯ ವ್ಯತ್ಯಾಸ. ರೇಖಾಂಶ ಎಂಬ ಶಬ್ದವನ್ನು ಮಗು ಮುಂದೆ ಎಂದಾದರೂ ಕಲಿಯಲಿ, ಅಬ್ಬಾನ ಇಫ್ತಾರಿನ ಹೊತ್ತು ಈಗಲೇ ತಿಳಿಯಲಿ.

ಭೂಮಿಯಲ್ಲಿ ಸಂಚರಿಸಿ ಸೃಷ್ಟಿಯನ್ನು ನೋಡಿರೆಂದು, ಆಕಾಶ, ಪರ್ವತ, ನೆಲಗಳ ಬಗ್ಗೆ ಚಿಂತಿಸಿರೆಂದು ಪವಿತ್ರ ಕುರ್‌ಆನ್ ಮನುಷ್ಯರನ್ನು ಮತ್ತೆ ಮತ್ತೆ ಕರೆಯುತ್ತದೆ. ಈ ಕರೆ ಗಂಡುಮಕ್ಕಳಿಗೆ ಮಾತ್ರ ಮೀಸಲಲ್ಲ.

ಆದ್ದರಿಂದ ಸಹೋದರಿಯರೇ, ಈ ಭಾನುವಾರ ಒಂದು ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ಮಗಳ ಕೈ ಹಿಡಿದು ಮುಖ್ಯರಸ್ತೆಯವರೆಗೆ ನಡೆದುಕೊಂಡು ಹೋಗಿ. ತಿರುವು ಬಂದಾಗಲೆಲ್ಲ ಒಂದು ಗುರುತು ತೋರಿಸಿ: ಇದು ಬೇಕರಿ, ಇದು ಹೊಂಗೆ ಮರ, ಅಲ್ಲಿ ಕಾಣುತ್ತಿರುವುದು ಮಸೀದಿಯ ಮಿನಾರ. ಮರಳುವಾಗ ನೀವು ಸುಮ್ಮನಿದ್ದು ಅವಳ ಹಿಂದೆ ನಡೆಯಿರಿ, ದಾರಿಯನ್ನು ಅವಳೇ ತೋರಿಸಲಿ.