ಕಾನಿನ ಲೆಕ್ಕ

ಶಿವಮೊಗ್ಗೆಯಿಂದ ಸಾಗರದ ಕಡೆಗೆ ಹೊರಟವರಿಗೆ ಪಟ್ಟಣದ ಅಂಚಿನಲ್ಲಿ ಆಲ್ಕೊಳ ಸಿಕ್ಕುತ್ತದೆ. ಆ ಹೆಸರನ್ನು ನಿಧಾನವಾಗಿ ಉಚ್ಚರಿಸಿದರೆ ಆಲವೆಂಬ ಮರವೂ ಕೊಳವೆಂಬ ನೀರೂ ಒಟ್ಟಿಗೆ ಕಿವಿಗೆ ಬೀಳುತ್ತವೆ. ಹೆಸರಿನ ವ್ಯುತ್ಪತ್ತಿ ಏನೇ ಇರಲಿ, ಮರವನ್ನೂ ನೀರನ್ನೂ ಒಂದೇ ಉಸಿರಿನಲ್ಲಿ ಹೇಳುವುದು ಮಲೆನಾಡಿನವರಿಗೆ ಸಹಜವಾದುದು. ಈ ರಸ್ತೆ ಮುಂದೆ ಆಯನೂರು, ಕುಂಸಿ, ಆನಂದಪುರಗಳನ್ನು ಹಾದು ಕಾಡಿನ ಸೀಮೆಯನ್ನು ಹೊಗುತ್ತದೆ. ಪಟ್ಟಣದ ಗೃಹಸ್ಥರಲ್ಲಿ ಎಷ್ಟೋ ಮಂದಿಗೆ ಮೂಲದ ಮನೆ ಆ ಕಡೆಯ ತಾಲ್ಲೂಕುಗಳಲ್ಲಿಯೇ ಉಂಟು. ಹಬ್ಬಕ್ಕೆಂದು ಊರಿಗೆ ಹೋದವರು ಹಾದಿಯ ಎರಡು ಕಡೆಯಲ್ಲಿಯೂ ಹಸುರನ್ನು ಕಂಡು ‘ಕಾಡು ಚೆನ್ನಾಗಿದೆ’ ಎಂದು ಸಂತೋಷಪಡುತ್ತಾರೆ. ಹಸುರಾಗಿರುವುದೆಲ್ಲ ಕಾಡೇ ಹೌದೆ ಎಂಬ ಪ್ರಶ್ನೆ ಮಾತ್ರ ಅಪರೂಪವಾಗಿ ಹುಟ್ಟುತ್ತದೆ.

ಸೊರಬ ಸಾಗರಗಳ ಹಿರಿಯರಲ್ಲಿ ಈ ವಿವೇಕವು ಭಾಷೆಯಲ್ಲಿಯೇ ಇದ್ದಿತು. ಅವರಿಗೆ ಕಾಡು ಬೇರೆ, ಕಾನು ಬೇರೆ. ಬೇಸಗೆಯಲ್ಲಿ ಎಲೆಯುದುರಿಸಿ ನಿಲ್ಲುವ ಮತ್ತಿ, ಹೊನ್ನೆ, ನಂದಿಗಳ ವಿಸ್ತಾರವು ಕಾಡು. ವರ್ಷವೆಲ್ಲ ಹಸುರಾಗಿದ್ದು, ನಡುಹಗಲಿನಲ್ಲಿಯೂ ಮಬ್ಬನ್ನು ಬಿಡದೆ, ಬುಡದಲ್ಲಿ ನೀರು ಜಿನುಗಿಸುವ ಹೆಮ್ಮರಗಳ ಗುಂಪು ಕಾನು. ಕಾನಿನಲ್ಲಿ ಮೆಣಸಿನ ಬಳ್ಳಿ, ದಾಲ್ಚಿನ್ನಿ, ಬೈನೆ, ರಾಮಪತ್ರೆಗಳಿದ್ದುವು. ಅದರ ನೀರಿನಿಂದ ಕೆಳಗಿನ ಗದ್ದೆ ತೋಟಗಳು ಬಾಳಿದುವು. ಎಷ್ಟೋ ಕಾನುಗಳೊಳಗೆ ದೇವರೊಂದು ಇದ್ದು, ಕೊಡಲಿಯನ್ನು ಹಿಡಿದ ಕೈ ಅಲ್ಲಿ ತಾನಾಗಿಯೇ ತಡೆಯುತ್ತಿತ್ತು. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಇಬ್ಬರು ಅಧಿಕಾರಿಗಳು ಸೊರಬ ತಾಲ್ಲೂಕಿನ ಕಾನುಗಳ ಮೇಲೆ ವರದಿಯೊಂದನ್ನು ಬರೆದರು. ಆ ಒಂದು ತಾಲ್ಲೂಕಿನಲ್ಲಿಯೇ 171 ಕಾನುಗಳು, 32,000 ಎಕರೆಗೂ ಮಿಕ್ಕ ನೆಲದಲ್ಲಿ ಲೆಕ್ಕಕ್ಕೆ ಬಂದುವು. ಕಾಗದದ ಮೇಲೆ ಆ ಲೆಕ್ಕ ಬರುವುದಕ್ಕೆ ಎಷ್ಟೋ ಮುಂಚಿನಿಂದ ಊರವರ ಬಾಯಿಯಲ್ಲಿ ಇನ್ನೊಂದು ಲೆಕ್ಕವಿದ್ದಿತು: ಯಾವ ಕಾನಿನಲ್ಲಿ ಯಾವ ಮರ, ಅದು ಯಾವ ಮಾಸದಲ್ಲಿ ಹೂ ಬಿಡುವುದು, ಯಾವ ಒರತೆ ಬೇಸಗೆಯಲ್ಲಿಯೂ ಬತ್ತದು ಎಂಬ ಲೆಕ್ಕ.

ಕಾಲಕ್ರಮದಲ್ಲಿ ಈ ಲೆಕ್ಕದ ಜಾಗವನ್ನು ಮತ್ತೊಂದು ಲೆಕ್ಕವು ಆಕ್ರಮಿಸಿತು. ಹಿಂದೆ ಬೆಂಕಿಪುರವೆಂದು ಕರೆಯಿಸಿಕೊಳ್ಳುತ್ತಿದ್ದ ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿತು. ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸಲು ಬೇಕಾದ ಇದ್ದಲು ಸುತ್ತಣ ಕಾಡುಗಳ ಮರದಿಂದಲೇ ಬರಬೇಕಾಗಿತ್ತು. 1936ರಲ್ಲಿ ಅಲ್ಲಿಯೇ ಮೈಸೂರು ಕಾಗದದ ಕಾರ್ಖಾನೆಯು ಸ್ಥಾಪಿತವಾಗಿ, ಕಾಡಿನ ಬಿದಿರಿಗೂ ಟನ್ನಿನ ಲೆಕ್ಕ ಬಂದಿತು. ಇವುಗಳಿಂದ ಸಾವಿರಾರು ಕುಟುಂಬಗಳು ಅನ್ನವನ್ನು ಕಂಡುವು. ಶಾಲೆಯ ಪುಸ್ತಕಕ್ಕೆ ಕಾಗದ ದೊರೆಯಿತು. ಕಾಗದದ ಮೇಲೆಯೇ ಅಚ್ಚಾಗಿ ಮನೆಮನೆಗೆ ಹೋಗುವ ಪತ್ರಿಕೆಯು ಇದನ್ನು ಮರೆತು ಮಾತನಾಡುವುದು ನ್ಯಾಯವಲ್ಲ. ಆದರೆ ಟನ್ನಿನ ಲೆಕ್ಕದಲ್ಲಿ ಹೊನ್ನೆಗೂ ಹೆಬ್ಬಲಸಿಗೂ ಭೇದವಿಲ್ಲ. ಒರತೆಗೆ ಅಲ್ಲಿ ಕಲಮೇ ಇಲ್ಲ.

ಇದರ ಮುಂದಿನ ಹೆಜ್ಜೆ ನೀಲಗಿರಿ ಮತ್ತು ಅಕೇಶಿಯಗಳ ನೆಡುತೋಪು. ಆಸ್ಟ್ರೇಲಿಯದಿಂದ ಬಂದ ಈ ಮರಗಳು ಬೇಗ ಬೆಳೆಯುತ್ತವೆ, ದೂರದಿಂದ ಹಸುರಾಗಿಯೂ ಕಾಣುತ್ತವೆ. ಆದರೆ ಅಕೇಶಿಯದ ಎಲೆಯನ್ನು ದನ ಮೂಸುವುದಿಲ್ಲ. ಉದುರಿದ ಎಲೆ ಬೇಗ ಕೊಳೆಯದ ಕಾರಣ ಅಡಕೆಯ ತೋಟದ ಗೊಬ್ಬರಕ್ಕೆ ಬೆಟ್ಟದ ಸೊಪ್ಪಿನಂತೆ ಒದಗುವುದಿಲ್ಲ. ಹಕ್ಕಿಗೆ ತಿನ್ನುವ ಹಣ್ಣಿಲ್ಲ. 1984ರಲ್ಲಿ ಸರಕಾರವೂ ಹರಿಹರದ ಕಾರ್ಖಾನೆಯೊಂದೂ ಕೂಡಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಸಂಸ್ಥೆಯನ್ನು ಕಟ್ಟಿ, ಶಿವಮೊಗ್ಗೆಯೂ ಸೇರಿದಂತೆ ಹಲವು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ನೆಲವನ್ನು ಇಂಥ ತೋಪಿಗೆ ಕೊಡಲು ಹೊರಟಿತು. ಊರವರ ಗೋಮಾಳವೂ ಸೌದೆಯ ನೆಲವೂ ಅದರಲ್ಲಿ ಸೇರಿದ್ದುವು. ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯದವರೂ ಶಿವರಾಮ ಕಾರಂತರೂ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. 1987ರ ನವೆಂಬರ್ 14ರಂದು ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನರು ನೆರೆದು, ನೀಲಗಿರಿಯ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ಊರಿಗೆ ಹಣ್ಣನ್ನೂ ಮೇವನ್ನೂ ಕೊಡುವ ಗಿಡಗಳನ್ನು ನೆಟ್ಟರು. ‘ಕಿತ್ತಿಕೊ ಹಚ್ಚಿಕೊ’ ಎಂದು ಆ ಸತ್ಯಾಗ್ರಹಕ್ಕೆ ಹೆಸರಾಯಿತು. 1991ರಲ್ಲಿ ಆ ಸಂಸ್ಥೆಯು ಮುಚ್ಚಿತು.

ಈ ಸತ್ಯಾಗ್ರಹದ ಹೆಸರಿನಲ್ಲಿ ಎರಡು ಕ್ರಿಯೆಗಳುಂಟು. ಮೂರನೆಯದೊಂದು ಹೇಳದೆ ಉಳಿದಿದೆ. ಕೀಳುವುದು ಒಂದು ದಿನದ ಕೆಲಸ, ಹಚ್ಚುವುದು ಒಂದು ಮಳೆಗಾಲದ ಕೆಲಸ. ಹಚ್ಚಿದುದು ಏನಾಯಿತೆಂದು ವರ್ಷವರ್ಷವೂ ಹೋಗಿ ನೋಡುವುದು ಒಂದು ತಲೆಮಾರಿನ ಕೆಲಸ. 1950ರಲ್ಲಿ ವನಮಹೋತ್ಸವವು ದೇಶಕ್ಕೆಲ್ಲ ಹಬ್ಬವಾಗಿ ಬಂದ ಮೇಲೆ ನೆಡುವವರಿಗೆ ಕೊರತೆಯಾಗಲಿಲ್ಲ. ನೆಟ್ಟುದನ್ನು ಎಣಿಸುವವರಿಗೆ ಆಯಿತು. ನೆಡುವುದು ಹಬ್ಬದಂತೆ, ಎಣಿಸುವುದು ವ್ರತದಂತೆ. ಹಬ್ಬಕ್ಕೆ ಬಂದವರೆಲ್ಲ ವ್ರತಕ್ಕೆ ನಿಲ್ಲುವುದಿಲ್ಲ.

ಎಣಿಕೆಯು ಪಂಡಿತರ ಕೆಲಸ, ಹಳ್ಳಿಯವರಿಗೆ ಅದು ಸಾಧ್ಯವೆ ಎಂದು ಕೆಲವರು ಕೇಳಬಹುದು. ಬಿದಿರಿನ ಸಂಗತಿಯೊಂದೇ ಇದಕ್ಕೆ ಉತ್ತರವನ್ನು ಹೇಳುತ್ತದೆ. ಬಿದಿರಿನ ಮೆಳೆಯ ಬುಡದಲ್ಲಿ ಮುಳ್ಳು ಹೆಣೆದುಕೊಂಡಿರುತ್ತದಷ್ಟೆ. ಅದನ್ನು ಸವರಿ ತೆಗೆದರೆ ಮೆಳೆ ಚೆನ್ನಾಗಿ ಬೆಳೆಯುವುದೆಂದು ಬಗೆದು, ಉತ್ತರ ಕನ್ನಡದಲ್ಲಿ ದಾಂಡೇಲಿಯ ಕಾಗದದ ಕಾರ್ಖಾನೆಗಾಗಿ ಬಿದಿರು ಕಡಿಯುವಾಗ ಹಾಗೆಯೇ ಮಾಡಿಸುತ್ತಿದ್ದರು. ಮುಳ್ಳು ಹೋದರೆ ಎಳೆಯ ಕಳಲೆಯನ್ನು ದನವೂ ಕಾಡುಪ್ರಾಣಿಯೂ ತಿಂದುಬಿಡುತ್ತವೆ ಎಂದು ಊರವರು ಹೇಳುತ್ತಿದ್ದರು. ಮಾಧವ ಗಾಡ್ಗೀಳರೂ ಅವರ ಸಂಗಡಿಗರೂ ಕಾಡಿನಲ್ಲಿ ನಿಂತು ಪರೀಕ್ಷಿಸಿದಾಗ ಊರವರ ಮಾತೇ ನಿಜವಾಯಿತು. ಊರವರಿಗೆ ಕಣ್ಣಿದ್ದಿತು, ಅವರು ಕಂಡುದನ್ನು ಬರೆದಿಡುವ ಪುಸ್ತಕ ಮಾತ್ರ ಇರಲಿಲ್ಲ.

ಆ ಪುಸ್ತಕಕ್ಕೆ ಈಗ ಕಾಯಿದೆಯ ಬಲವೂ ಉಂಟು. 2002ರ ಜೀವವೈವಿಧ್ಯ ಕಾಯಿದೆಯಂತೆ ಸ್ಥಳೀಯ ಸಂಸ್ಥೆಗಳಲ್ಲಿ ಜೀವವೈವಿಧ್ಯ ಸಮಿತಿಯೊಂದು ಇರತಕ್ಕದ್ದು. ಅದು ಊರವರನ್ನು ವಿಚಾರಿಸಿ ಜನತಾ ಜೀವವೈವಿಧ್ಯ ದಾಖಲೆಯನ್ನು ಸಿದ್ಧಪಡಿಸತಕ್ಕದ್ದು. ಆದರೆ ದಾಖಲೆಯನ್ನು ಒಮ್ಮೆ ಬರೆದು ಬೀರುವಿನಲ್ಲಿಟ್ಟರೆ ಅದು ಜಾತಕದಂತೆ, ಯಾರಾದರೂ ಕೇಳುವವರೆಗೆ ಹೊರಬಾರದು. ಅದು ಅಂಗಡಿಯ ಕಿರ್ದಿಯಂತಿರಬೇಕು. ಬೆಟ್ಟದಲ್ಲಿ ಒಂದು ತುಂಡು ನೆಲವನ್ನು ಗುರುತುಮಾಡಿ, ವರ್ಷವರ್ಷವೂ ಅದೇ ನೆಲದಲ್ಲಿ ಮರಗಳ ಹೆಸರನ್ನು ಬರೆದು, ಎದೆಯೆತ್ತರದಲ್ಲಿ ಸುತ್ತಳತೆಯನ್ನು ಹಿಡಿದು, ಬುಡದಲ್ಲಿ ಹುಟ್ಟಿರುವ ಸಸಿಗಳನ್ನು ಎಣಿಸಿದರೆ ಸಾಕು. ಹಗ್ಗ, ಅಳತೆಯ ಪಟ್ಟಿ, ಪುಸ್ತಕ, ಇವುಗಳ ಜೊತೆಗೆ ಹೆಸರು ಬಲ್ಲ ಹಿರಿಯರೊಬ್ಬರು. ಬೇರೆ ಸಲಕರಣೆ ಬೇಡ. ಬೀಜ ಕೊಡುವ ಹಳೆಯ ಕಾನು ಸಮೀಪದಲ್ಲಿದ್ದು, ಬೆಂಕಿಯೂ ದನವೂ ನುಗ್ಗದಂತೆ ಕಾದರೆ, ಅನೇಕ ಗಿಡಗಳು ನೆಡದೆಯೇ ಮೇಲೇಳುತ್ತವೆ. ಯಾರೂ ನೆಡದ ರಾಮಪತ್ರೆಯ ಸಸಿಯೊಂದು ಅಲ್ಲಿ ಕಂಡರೆ, ಅದರ ಬೀಜವನ್ನು ದೂರದಿಂದ ತಂದು ಉದುರಿಸಿದ ಮಂಗಟ್ಟೆ ಹಕ್ಕಿಯೂ ಹಿಂದಿರುಗಿರಬಹುದೆಂದು ತಿಳಿಯಬಹುದು. ಇದನ್ನು ತಿಳಿಸುವ ಸಾಲು ಪುಸ್ತಕದಲ್ಲಿ ಒಂದೇ ಇರಬಹುದು. ಆದರೆ ಕಾಡು ಮರಳಿತೆನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರಿಲ್ಲ.

ಈ ಮಾತು ಶಿವಮೊಗ್ಗೆಗೆ ದೂರದ್ದಲ್ಲ. ಭದ್ರಾವತಿಯ ಕಾಗದದ ಕಾರ್ಖಾನೆಗೆ 1980ರಲ್ಲಿ ನಲವತ್ತು ವರ್ಷಗಳ ಗುತ್ತಿಗೆಯಲ್ಲಿ ಸಾವಿರಾರು ಹೆಕ್ಟೇರ್ ಅರಣ್ಯಭೂಮಿಯನ್ನು ನೆಡುತೋಪಿಗಾಗಿ ಕೊಡಲಾಗಿತ್ತು. ಗುತ್ತಿಗೆಯು 2020ರಲ್ಲಿ ಮುಗಿದಾಗ ಕಾರ್ಖಾನೆಯ ಯಂತ್ರಗಳು ನಿಂತು ಕೆಲವು ವರ್ಷಗಳಾಗಿದ್ದುವು. ಗುತ್ತಿಗೆಯನ್ನು ಮುಂದುವರಿಸಬಾರದು, ನೆಲವು ಸಹಜವಾದ ಕಾಡಾಗಲಿ ಎಂದು ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂಬ ಹೆಸರಿನಲ್ಲಿ ಮಲೆನಾಡಿನವರು ಕೂಡಿದರು. ಬೇಡವೆಂದವರು ಏನು ಬೇಕೆಂಬುದನ್ನೂ ಹೇಳಬೇಕಾಗುತ್ತದೆ. ಅದನ್ನು ಹೇಳುವವರು ಆ ನೆಲದಲ್ಲಿ ಹಿಂದೆ ಏನಿದ್ದಿತೆಂಬುದನ್ನು ಬಲ್ಲವರಾಗಿರಬೇಕು. ಅಂಥ ನೆನಪುಳ್ಳವರಿಗೆ ಈಗ ವಯಸ್ಸಾಗಿದೆ. ಅಜ್ಜನು ಎಲೆಯನ್ನು ಉಜ್ಜಿ ಮೂಸಿ ಅರುವತ್ತು ಮರಗಳ ಹೆಸರನ್ನು ಹೇಳುವಲ್ಲಿ ಮಗನು ಇಪ್ಪತ್ತನ್ನು ಹೇಳುವನು. ಪಟ್ಟಣದಲ್ಲಿ ಓದುವ ಮೊಮ್ಮಗನಿಗೆ ಮಾವು ಹಲಸು ತೆಂಗುಗಳ ಆಚೆಗೆ ಎಲ್ಲವೂ ‘ಕಾಡುಮರ’. ಕಾಡು ಹೋದರೂ ಹೆಸರು ಉಳಿದಿದ್ದರೆ ಅದನ್ನು ಮತ್ತೆ ತರಬಹುದು. ಹೆಸರೂ ಹೋದ ಮೇಲೆ ಏನನ್ನು ತರಬೇಕೆಂಬುದೇ ತಿಳಿಯದು.

ವಿದ್ಯಾವಂತರ ಮನೆಗಳಿಗೆ ಇಲ್ಲಿ ಸಣ್ಣದೊಂದು ಕರ್ತವ್ಯವಿದೆ. ಊರಿನ ಹಿರಿಯರಲ್ಲಿ ನೆನಪುಂಟು, ಮಕ್ಕಳಲ್ಲಿ ಬರೆಯುವ ಕೈಯುಂಟು; ಇಬ್ಬರನ್ನೂ ಒಂದು ದಿನ ಬೆಟ್ಟದಲ್ಲಿ ಕೂಡಿಸುವವರು ಬೇಕಾಗಿದ್ದಾರೆ. ಮುಂದಿನ ಹಬ್ಬಕ್ಕೆ ಸಾಗರದ ರಸ್ತೆಯಲ್ಲಿ ಊರಿಗೆ ಹೋಗುವವರು ಮಗುವಿನ ಚೀಲದಲ್ಲಿ ಬರೆಯದ ಪುಸ್ತಕವೊಂದನ್ನು ಇಟ್ಟುಕೊಂಡು ಹೋಗಲಿ. ಮೊದಲ ಪುಟದಲ್ಲಿ ತಾರೀಖು, ಬೆಟ್ಟದ ಹೆಸರು, ಹಿರಿಯರು ಹೇಳಿದ ಹತ್ತು ಮರಗಳ ಹೆಸರು ಬಂದರೆ ಆ ವರ್ಷಕ್ಕೆ ಅಷ್ಟು ಸಾಕು. ಮರುವರ್ಷ ಅದೇ ಪುಸ್ತಕವನ್ನು ಹಿಡಿದು ಅದೇ ಬೆಟ್ಟಕ್ಕೆ ಹೋಗತಕ್ಕದ್ದು.