ತರಗು ಬೆಂಕಿ

ಬೇಸಿಗೆ ರಜೆಗೆ ಬದನಗುಪ್ಪೆಗೆ ಬಂದಿದ್ದ ಮೊಮ್ಮಗ ಒಂದು ಸಂಜೆ ನೋಟ್‌ಬುಕ್ ಹಿಡಿದು ಜಗಲಿಗೆ ಬಂದ. ಏಳನೇ ತರಗತಿಯವನು. "ತಾತ, ಕಾಡಿನ ಬಗ್ಗೆ ಹಿರಿಯರನ್ನ ಕೇಳಿ ಬರೆದುಕೊಂಡು ಬನ್ನಿ ಅಂದಿದ್ದಾರೆ ಮಿಸ್ಸು. ನಿನಗೇನು ಗೊತ್ತು?" ಎಂದ.

ನನಗೇನು ಗೊತ್ತು? ಬಿ.ಕಾಂ. ಓದಿ ಮೂವತ್ತು ಚಿಲ್ಲರೆ ವರ್ಷ ಲೆಡ್ಜರ್ ಬರೆದವನು ನಾನು. ಆದರೆ ಕಾಡು ಬಲ್ಲವರೊಬ್ಬರು ಒಮ್ಮೆ ನನಗೆ ಹೇಳಿದ್ದರು. ನಾನು ನಕ್ಕಿದ್ದೆ. ಅದನ್ನೇ ಹೇಳಿದೆ.

1980ರ ದಶಕ. ನಾನಿದ್ದ ಶಾಖೆ ಬಿಳಿಗಿರಿರಂಗನ ಬೆಟ್ಟದ ಕೆಳಗಿನ ಊರಿನಲ್ಲಿತ್ತು. ಬೆಟ್ಟದ ಪೋಡುಗಳಿಂದ ಸೋಲಿಗರು ಬರುತ್ತಿದ್ದರು. ಅವರಲ್ಲೊಬ್ಬ ಅಜ್ಜ, ಜೇನು ಕೀಳುವವರು, ನೆಲ್ಲಿಕಾಯಿ ಆಯುವವರು. ಹಣ ಕೊಡುವಾಗ ಸುಮ್ಮನೆ ಕೇಳಿದೆ, "ಈ ವರ್ಷ ನೆಲ್ಲಿ ಹೆಂಗೆ ಅಜ್ಜ?"

"ಮರವೆಲ್ಲ ಉಪ್ಪಿಲು ಹತ್ತಿ ಒಣಗ್ತಾವ ಸ್ವಾಮಿ. ಮೊದಲು ತರಗು ಬೆಂಕಿ ಹಾಕ್ತಿದ್ದೊ. ಈಗ ಹಾಕ್ಬ್ಯಾಡಿ ಅಂತಾರ. ಬೆಂಕಿ ಇಲ್ದೆ ಕಾಡು ಕೆಡ್ತದ."

ಬೆಂಕಿ ಇಲ್ಲದೆ ಕಾಡು ಕೆಡುತ್ತದೆಯೇ! ನಾನು ಜೋರಾಗಿ ನಕ್ಕೆ. ಪಕ್ಕದ ಕೌಂಟರಿನವರಿಗೂ ಹೇಳಿ ನಗಿಸಿದೆ. ಅಜ್ಜ ಹಣ ಎಣಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟರು. ಆಮೇಲೂ ಬರುತ್ತಿದ್ದರು, ಆದರೆ ಕಾಡಿನ ಮಾತು ಮತ್ತೆ ಎತ್ತಲಿಲ್ಲ.

ಉಪ್ಪಿಲು ಎಂದರೆ ನಾವು ಬಂದಳಿಕೆ ಎನ್ನುವ ಗಿಡ. ಹಕ್ಕಿಗಳು ಅದರ ಹಣ್ಣು ತಿಂದು ಅಂಟಂಟು ಬೀಜವನ್ನು ಕೊಂಬೆಯ ಮೇಲೆ ಬಿಡುತ್ತವೆ. ಬೀಜ ಅಲ್ಲೇ ಬೇರೂರಿ ಮರದ ನೀರು ಹೀರುತ್ತದೆ. ತರಗು ಬೆಂಕಿ ಎಂದರೆ ಕಾಳ್ಗಿಚ್ಚಲ್ಲ. ಬೇಸಿಗೆಯ ಮೊದಲಲ್ಲೇ, ಕಾಡು ಪೂರ್ತಿ ಒಣಗುವ ಮುಂಚೆ, ಉದುರಿದ ಎಲೆಗೆ ಹಾಕುತ್ತಿದ್ದ ಸಣ್ಣ ಬೆಂಕಿ. 1974ರಲ್ಲಿ ಬೆಟ್ಟ ವನ್ಯಜೀವಿ ಧಾಮವಾದ ಮೇಲೆ ಅದು ನಿಂತಿತು. (ಮಕ್ಕಳೇ, ಇದನ್ನೋದಿ ಯಾರೂ ಬೆಂಕಿಪೊಟ್ಟಣ ಮುಟ್ಟಬೇಡಿ. ಯಾವ ದಿನ, ಯಾವ ಗಾಳಿ ಎಂದು ತಲೆಮಾರುಗಳಿಂದ ಬಲ್ಲವರ ಕೆಲಸ ಅದು.)

ನಿವೃತ್ತನಾದ ಮೇಲೆ ಓದಲು ಹೊತ್ತು ಸಿಕ್ಕಿತು. ಬೆಂಗಳೂರಿನ ಏಟ್ರೀ ಸಂಸ್ಥೆಯವರು ಬಹಳ ವರ್ಷಗಳಿಂದ ಆ ಬೆಟ್ಟದಲ್ಲಿ ಸೋಲಿಗರ ಜೊತೆ ಕೂತು ಕಾಡನ್ನು ಅಧ್ಯಯನ ಮಾಡುತ್ತಿದ್ದಾರೆ. ನೆಲ್ಲಿಯ ಫಸಲು ಎಷ್ಟಿದೆ, ಎಷ್ಟು ಕಿತ್ತರೆ ಮರಕ್ಕೆ ತೊಂದರೆಯಿಲ್ಲ ಎಂದು ಆಯುವವರೇ ಅಂದಾಜು ಹೇಳುತ್ತಾರೆ. ವಿಜ್ಞಾನಿಗಳು ತಮ್ಮ ರೀತಿಯಲ್ಲಿ ಎಣಿಸುತ್ತಾರೆ. ಆಮೇಲೆ ಎರಡನ್ನೂ ತಾಳೆ ನೋಡುತ್ತಾರೆ. ಓದುತ್ತಾ ನನಗೆ ಖುಷಿಯಾಯಿತು. ಎರಡು ಪುಸ್ತಕ ತಾಳೆ ನೋಡುವುದು ನಾನು ಜೀವನವಿಡೀ ಮಾಡಿದ ಕೆಲಸ ತಾನೆ? ಒಂದೇ ಪುಸ್ತಕ ಇಟ್ಟುಕೊಂಡವನಿಗೆ ತಪ್ಪು ಎಲ್ಲಿದೆ ಎಂದು ತಿಳಿಯುವುದೇ ಇಲ್ಲ.

ಆಮೇಲೆ ಉಪ್ಪಿಲಿನ ವಿಷಯ ಸಿಕ್ಕಿತು. ಬೆಂಕಿ ನಿಂತದ್ದಕ್ಕೇ ನೆಲ್ಲಿಗೆ ಉಪ್ಪಿಲು ಹೆಚ್ಚಿತು ಎಂಬ ಸೋಲಿಗರ ಮಾತನ್ನು ವಿಜ್ಞಾನಿಗಳು ಗಂಭೀರವಾಗಿ ತೆಗೆದುಕೊಂಡು ಪರೀಕ್ಷಿಸಿ, 2010ರಲ್ಲಿ ಲೇಖನ ಪ್ರಕಟಿಸಿದ್ದಾರೆ. ಸೋಲಿಗರ ಅನುಭವವನ್ನು ಬಿಟ್ಟು ಕಾಡಿನ ನಿರ್ವಹಣೆ ಮಾಡಬಾರದು ಎನ್ನುವ ಕಡೆಗೇ ಅದು ವಾಲುತ್ತದೆ. ಲಂಟಾನದ್ದೂ ಅದೇ ಕಥೆ. ಸಣ್ಣ ಬೆಂಕಿ ನಿಂತ ಮೇಲೆ ಅದು ಹಬ್ಬಿತು ಎಂದು ಸೋಲಿಗರು ಹೇಳುತ್ತಲೇ ಇದ್ದರು. 1997ರಲ್ಲಿ ನೋಡಿದ್ದ ಜಾಗಗಳನ್ನೇ 2008ರಲ್ಲಿ ಮತ್ತೆ ನೋಡಿದಾಗ ಸುಮಾರು ಎರಡರಷ್ಟು ಕಡೆ ಲಂಟಾನ ಇತ್ತಂತೆ. ಈಗ ಏಟ್ರೀಯಲ್ಲಿ ಸೋಲಿಗರೇ ಆದ ಡಾ. ಸಿ. ಮಾದೇಗೌಡರಂಥ ಸಂಶೋಧಕರೂ ಇದ್ದಾರೆ. ಹೇಳುವವರೂ ಅವರೇ, ಬರೆಯುವವರೂ ಅವರೇ.

ಆ ಲೇಖನ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಜ್ಜ ನನಗೆ ಅದನ್ನು ಇಪ್ಪತ್ತು ವರ್ಷಕ್ಕೂ ಮೊದಲೇ ಪುಕ್ಕಟೆ ಹೇಳಿದ್ದರು.

ಮೊಮ್ಮಗ ಎಲ್ಲ ಬರೆದುಕೊಂಡು ತಲೆ ಎತ್ತಿದ. "ತಾತ, ಆ ಅಜ್ಜನ ಹೆಸರೇನು? ಯಾರು ಹೇಳಿದ್ದು ಅಂತ ಹೆಸರು ಬರೀಬೇಕಂತೆ."

ಎಷ್ಟು ಸಲ ಅವರ ಹೆಬ್ಬೆಟ್ಟಿನ ಪಕ್ಕದಲ್ಲಿ ನನ್ನ ಕೈಯಿಂದಲೇ ಆ ಹೆಸರು ಬರೆದಿದ್ದೆ! ನೆನಪಾಗಲಿಲ್ಲ. ಅವರ ಖಾತೆಯ ಲೆಡ್ಜರ್ ಪುಟ ಎಡಗಡೆಗಿತ್ತು ಎನ್ನುವುದು ನೆನಪಿದೆ, ಹೆಸರಿಲ್ಲ.

ಮೊಮ್ಮಗ ಆ ಸಾಲು ಖಾಲಿ ಬಿಟ್ಟಿದ್ದಾನೆ. ಭಾನುವಾರ ಇಬ್ಬರೂ ಬಸ್ಸು ಹತ್ತಿ ಬೆಟ್ಟಕ್ಕೆ ಹೋಗುತ್ತೇವೆ. ಪೋಡಿನಲ್ಲಿ ಕೇಳಿದರೆ ಅವರ ಮಕ್ಕಳೋ ಮೊಮ್ಮಕ್ಕಳೋ ಸಿಗಬಹುದು.